ಸರ್ವೇಯರ್ ಕೂಡ ಉತ್ತರ ಕೊಡಬೇಕು

ಮಂಗಳೂರಲ್ಲಿ ಹಳೇ ಫೈಬರ್ ದೋಣಿ ಕೊಂಡ ಬೆಂಗಳೂರಿನವರ ಕಥೆ ಓದಿ ಬೇಜಾರಾಯಿತು. ಕೊಳ್ಳುವ ಮುಂಚೆ ದೋಣಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ 'ಚೆನ್ನಾಗಿದೆ' ಅಂದಿದ್ದ ದೋಣಿಯ ತಳದಲ್ಲಿ ನೀರು ಸೇರಿ ಒಳಗಿನ ಮರ ಕೊಳೆತಿತ್ತು. 'ಕಾಣುವ ಭಾಗ ಮಾತ್ರ ನೋಡಿದ್ದೇವೆ' ಅಂತ ವರದಿಯಲ್ಲಿ ಇರೋದರಿಂದ ಏನೂ ಮಾಡಲಾಗದು ಎಂದು ಲೇಖನ ಹೇಳುತ್ತದೆ. ಇದನ್ನು ನಾನು ಒಪ್ಪುವುದಿಲ್ಲ.

ಸುತ್ತಿಗೆಯಿಂದ ತಟ್ಟಿ ಸದ್ದು ಕೇಳೋದು, ತೇವ ಅಳೆಯುವ ಮೀಟರ್ ಹಿಡಿಯೋದು ಸರ್ವೇಯರ್‌ನ ಮಾಮೂಲಿ ಕೆಲಸ. ಅದನ್ನೇ ಮಾಡದೆ ಆ ಒಂದು ಸಾಲಿನ ಹಿಂದೆ ಅಡಗಿಕೊಳ್ಳಲು ಬಿಡಬಾರದು. ಸರ್ವೇ ಫೀಸ್ ಕೊಟ್ಟಿದ್ದು ನೀವೇ ಆಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯ ಕೊರತೆ ಅಂತ ದೂರು ಕೊಡಬಹುದು. ಅದಕ್ಕೆ ಮಂಗಳೂರಿಗೆ ಅಲೆಯಬೇಕಿಲ್ಲ. ನೀವು ವಾಸವಿರುವ ಬೆಂಗಳೂರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ಹಾಕಬಹುದು. ಕೊಟ್ಟ ಸರ್ವೇ ಫೀಸ್ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ದೋಣಿ ಮಾರಿದವರ ವಿಷಯ ಬೇರೆ. ಅವರು ವ್ಯಾಪಾರಿ ಅಲ್ಲದೆ ತಮ್ಮ ಸ್ವಂತ ದೋಣಿ ಮಾರಿದ್ದರೆ ಸಿವಿಲ್ ಕೋರ್ಟೇ ದಾರಿ.

ಆದರೆ ದಯವಿಟ್ಟು ರಿಪೇರಿಗೆ ಆತುರ ಬೇಡ. ಬಿಚ್ಚಿ ಸರಿಮಾಡಿಬಿಟ್ಟರೆ ಸಾಕ್ಷಿಯೇ ಹೋಯಿತು, ಅಲ್ವಾ? ಮೊದಲು ಇನ್ನೊಬ್ಬ ಸರ್ವೇಯರ್‌ನಿಂದ ವರದಿ ಮಾಡಿಸಿ, ಫೋಟೋ ತೆಗೆಸಿ. ಆಮೇಲೆ ಮೊದಲಿನವರಿಗೆ ನೋಟಿಸ್ ಕೊಟ್ಟು, ಬಂದು ನೋಡಿ ಎಂದು ಕರೆಯಿರಿ.

ದೋಣಿ ಬಾಡಿಗೆಗೆ ಬಿಡಲು ಕೊಂಡಿದ್ದರೆ ಎದುರಿನ ವಕೀಲರು 'ಇದು ವ್ಯಾಪಾರ, ನೀವು ಗ್ರಾಹಕರೇ ಅಲ್ಲ' ಅಂತ ಹಿಡಿಯುತ್ತಾರೆ. ಸ್ವಂತ ದುಡಿಮೆಯ ಹೊಟ್ಟೆಪಾಡಿಗಾಗಿದ್ದರೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ದೂರಿನಲ್ಲೇ ಅದನ್ನು ಬರೆಯಿರಿ. ಮತ್ತೆ, ದೂರು ಕೊಡಲು ಅವಧಿ 2 ವರ್ಷ ಮಾತ್ರ. 'ನೋಡೋಣ, ಮಾತಾಡೋಣ' ಅಂತ ಸುಮ್ನೆ ದಿನ ತಳ್ಳುವವರನ್ನು ನಂಬಿ ಕೂರಬೇಡಿ.