"ತಪ್ಪು ಟೈಪ್ ಮಾಡಿದ್ದೀರಿ" ಅನ್ನುವ ಮೊದಲು ಪಿಡಿಸಿ ಸರ್ವರ್ ಎಲ್ಲಿದೆ ನೋಡಿ

ನಮ್ಮ ಕಲಬುರಗಿ ಕಡೆಯ ಐಟಿ ಗೆಳೆಯರಿಗೆ ಒಂದು ಮಾತು. ಬೀದರ್ ಶಾಖೆಯಲ್ಲಿ ಪಾಸ್‌ವರ್ಡ್ ಬದಲಿಸಿ, ಮೀಟಿಂಗ್‌ಗೆ ಕಲಬುರಗಿಗೆ ಬಂದವರು ಫೋನ್ ಮಾಡ್ತಾರೆ: "ಹೊಸ ಪಾಸ್‌ವರ್ಡ್ ತಗೋವಲ್ದು ರೀ ಸರ್, ಹಳೇದು ಹಾಕಿದ್ರ ತಗೊಳ್ತದ." ನಾವು ಸುಮ್ನೆ "ಕ್ಯಾಪ್ಸ್ ಲಾಕ್ ನೋಡ್ರಿ ಮೇಡಂ" ಅಂದುಬಿಡ್ತೀವಿ. ಹಳೇದು ನಡೀತಿದೆ ಅಂದ್ರೆ ಅವರ ಕೈ ತಪ್ಪಿಲ್ಲ ಅಲ್ವಾ? ಬದಲಾವಣೆಯೇ ಇಲ್ಲಿಗೆ ಬಂದಿಲ್ಲ.

ಆಕ್ಟಿವ್ ಡೈರೆಕ್ಟರಿಯಲ್ಲಿ (ಕಚೇರಿಯ ಎಲ್ಲರ ಅಕೌಂಟ್‌ಗಳನ್ನು ನೋಡಿಕೊಳ್ಳುವ ಮೈಕ್ರೋಸಾಫ್ಟ್ ವ್ಯವಸ್ಥೆ) ಹೊಸ ಪಾಸ್‌ವರ್ಡ್ ಬೇರೆ ಸರ್ವರ್‌ಗಳಿಗೆ ಹೋಗಲು ಎರಡು ದಾರಿ ಇವೆ. ಒಂದು ಮಾಮೂಲಿ ರೆಪ್ಲಿಕೇಷನ್, ಅಂದ್ರೆ ಒಂದು ಸರ್ವರ್‌ನ ಬದಲಾವಣೆ ಉಳಿದವಕ್ಕೆ ನಕಲಾಗೋದು. ಬೇರೆ ಬೇರೆ ಸೈಟ್‌ಗಳ (ಶಾಖೆಗಳ) ನಡುವೆ ಅದು ಡೀಫಾಲ್ಟ್ ಆಗಿ 180 ನಿಮಿಷಕ್ಕೊಮ್ಮೆ ನಡೆಯುತ್ತದೆ. ಇನ್ನೊಂದು ತುರ್ತಿನ ದಾರಿ. ಯಾವ ಡೊಮೇನ್ ಕಂಟ್ರೋಲರ್‌ನಲ್ಲಿ (ಲಾಗಿನ್ ಪರೀಕ್ಷಿಸುವ ಸರ್ವರ್) ಬದಲಿಸಿದರೂ ಅದು ಕೂಡಲೇ ಪಿಡಿಸಿ ಎಮ್ಯುಲೇಟರ್‌ಗೆ, ಅಂದ್ರೆ ಪಾಸ್‌ವರ್ಡ್ ವಿಷಯದಲ್ಲಿ ಕೊನೆಯ ಮಾತು ಹೇಳುವ ಡೊಮೇನ್ ಕಂಟ್ರೋಲರ್‌ಗೆ, ತಿಳಿಸುತ್ತದೆ. ಬೇರೆ ಸರ್ವರ್‌ಗೆ ಪಾಸ್‌ವರ್ಡ್ ತಪ್ಪು ಅನ್ನಿಸಿದರೆ, ಇಲ್ಲ ಅನ್ನುವ ಮೊದಲು ಅದೂ ಪಿಡಿಸಿಯನ್ನೇ ಕೇಳುತ್ತದೆ. ಪಿಡಿಸಿಗೇ ಗೊತ್ತಿಲ್ಲದಿದ್ದರೆ ಮುಗೀತು, ಲಾಕ್‌ಔಟ್ ನಿಯಮ ಇಟ್ಟಿದ್ದರೆ ಕೆಲವು ಸಲ ಹಾಕಿದ ಮೇಲೆ ಅಕೌಂಟೇ ಲಾಕ್.

ನಾನು ನೋಡಿದ ಒಂದು ಕಚೇರಿಯಲ್ಲಿ ರೆಪ್‌ಅಡ್ಮಿನ್ (ರೆಪ್ಲಿಕೇಷನ್ ಪರೀಕ್ಷಿಸುವ ಕಮಾಂಡ್) ರಿಪೋರ್ಟ್‌ನಲ್ಲಿ ಒಂದೂ ಎರರ್ ಇರಲಿಲ್ಲ. ಎಲ್ಲರೂ "ರೆಪ್ಲಿಕೇಷನ್ ಸರಿಯಿದೆ" ಅಂತಿದ್ದರು. ಸರಿಯೇ ಇತ್ತು! ಆದರೆ ಪಿಡಿಸಿ ರೋಲನ್ನು ಹೊಸ ಸರ್ವರ್‌ಗೆ ಕೊಟ್ಟಿದ್ದರು, ಬೀದರ್ ಫೈರ್‌ವಾಲ್‌ನಲ್ಲಿ ಮಾತ್ರ ಹಳೇ ಸರ್ವರ್‌ನ ಐಪಿಗೇ ಅನುಮತಿ ಉಳಿದಿತ್ತು. ಮಾಮೂಲಿ ರೆಪ್ಲಿಕೇಷನ್ ಹಳೇ ಸರ್ವರ್ ಮೂಲಕ ನಡೀತಿತ್ತು, ತುರ್ತಿನ ದಾರಿ ಬಂದ್ ಆಗಿತ್ತು. ಬೆಳಗ್ಗೆ ಬದಲಿಸಿದ್ದು ಮಧ್ಯಾಹ್ನ ಊಟದ ಹೊತ್ತಿಗೆ ತಾನಾಗೇ ಸರಿಹೋಗ್ತಿತ್ತು. ಅದಕ್ಕೇ ಯಾರೂ ಹುಡುಕಲಿಲ್ಲ, ಬೈಗುಳವೆಲ್ಲ ಆ ಮೇಡಂಗೇ ಬಿತ್ತು. ಇದು ನನಗೆ ನಿಜವಾಗಿ ಬೇಜಾರು ತರಿಸಿತು.

ಹಾಗಾಗಿ ಮೊದಲು "ನೆಟ್‌ಡಮ್ ಕ್ವೆರಿ ಎಫ್‌ಎಸ್‌ಎಂಒ" ಕಮಾಂಡ್ ಕೊಟ್ಟು ಪಿಡಿಸಿ ಯಾವುದು ಅಂತ ನೋಡಿ. ಶಾಖೆಯ ಸರ್ವರ್‌ನಲ್ಲಿ ಕೂತು ಅಲ್ಲಿಂದ ಅದು ಸಿಗುತ್ತಾ ಪರೀಕ್ಷಿಸಿ. ಫೈರ್‌ವಾಲ್‌ನಲ್ಲಿ 135ನೇ ಪೋರ್ಟ್ ಒಂದೇ ತೆರೆದಿದ್ದರೆ ಸಾಲದು, 49152ರಿಂದ 65535ರವರೆಗಿನ ಆರ್‌ಪಿಸಿ (ಸರ್ವರ್‌ಗಳು ತಮ್ಮೊಳಗೆ ಮಾತಾಡುವ) ಪೋರ್ಟ್‌ಗಳೂ ಬೇಕು. ವಿಂಡೋಸ್ ರಿಜಿಸ್ಟ್ರಿಯಲ್ಲಿ ಯಾರೋ "ಅವಾಯ್ಡ್‌ಪಿಡಿಸಿಆನ್‌ವ್ಯಾನ್" (ದೂರದ ಪಿಡಿಸಿಯನ್ನು ಕೇಳಬೇಡ) ಅನ್ನೋದನ್ನ 1 ಮಾಡಿಟ್ಟಿದ್ದರೂ ಇದೇ ಕಥೆ. ಆಮೇಲೆ "ರೆಪ್‌ಅಡ್ಮಿನ್ ಶೋಆಬ್ಜ್‌ಮೆಟಾ" ಕೊಟ್ಟು ಎರಡೂ ಕಡೆ ಆ ಬಳಕೆದಾರರ "ಯುನಿಕೋಡ್‌ಪಿಡಬ್ಲ್ಯುಡಿ" (ಪಾಸ್‌ವರ್ಡ್‌ನ) ಸಾಲು ನೋಡಿ. ಬೀದರ್‌ನಲ್ಲಿ ವರ್ಷನ್ (ಪ್ರತಿ ಬದಲಾವಣೆಗೆ ಒಂದು ಏರುವ ಸಂಖ್ಯೆ) 9, ಕಲಬುರಗಿಯಲ್ಲಿ 7 ಅಂತಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಿದ್ದಾಗ ದಯವಿಟ್ಟು ಕಲಬುರಗಿಯಲ್ಲಿ ಕೂತು ರೀಸೆಟ್ ಮಾಡಬೇಡಿ. ನೀವು ಮಾಡಿದ್ದು ವರ್ಷನ್ 8 ಆಗುತ್ತದೆ. ಬೀದರ್‌ನ 9 ಬಂದಾಗ ಅದೇ ಗೆಲ್ಲುತ್ತದೆ, ನಿಮ್ಮದು ಆಮೇಲೆ ಮಾಡಿದ್ದಾದರೂ ಸರಿ. ಆಕೆಗೆ ನೀವು ಕೊಟ್ಟ ಪಾಸ್‌ವರ್ಡ್ ಸಂಜೆ ಹೊತ್ತಿಗೆ ಕೆಲಸ ಮಾಡೋದಿಲ್ಲ, ಮತ್ತೆ ಫೋನ್. ರೀಸೆಟ್ ಬೇಕೇ ಬೇಕಂದ್ರೆ ಬೀದರ್ ಸರ್ವರ್‌ಗೆ ಕನೆಕ್ಟ್ ಆಗಿ ಮಾಡಿ, ಕೂಡಲೇ ಕೈಯಾರೆ ರೆಪ್ಲಿಕೇಟ್ ಮಾಡಿಸಿ.

ಪಿಡಿಸಿ ರೋಲ್ ಜರುಗಿಸುವವರು ಅದೇ ದಿನ ಬೀದರ್, ಯಾದಗಿರಿ ಎರಡೂ ಕಡೆಯ ಫೈರ್‌ವಾಲ್ ರೂಲ್ ತೆಗೆದು ನೋಡಲಿ. ಒಂದು ಟೆಸ್ಟ್ ಅಕೌಂಟ್‌ನ ಪಾಸ್‌ವರ್ಡನ್ನು ಶಾಖೆಯಲ್ಲಿ ಬದಲಿಸಿ, ತಕ್ಷಣ ಇಲ್ಲಿ ಲಾಗಿನ್ ಆಗಲಿ. ಆಗದಿದ್ದರೆ ಕೆಲಸ ಮುಗಿಯಿತು ಅಂತ ಮೇಲ್ ಹಾಕಬೇಡಿ.