ಊರಿಗೆ ‘ಅಕ್ಕೋರು’, ಸರ್ಕಾರಕ್ಕೆ ‘ಕಾರ್ಯಕರ್ತೆ’

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ, ಕುಮಟಾ ಕಡೆ ಅಂಗನವಾಡಿ ನಡೆಸುವವರನ್ನು ತಾಯಂದಿರು ಕರೆಯುವುದು ‘ಅಕ್ಕೋರು’ ಎಂದೇ. ಶಾಲೆಯಲ್ಲಿ ಕಲಿಸುವ ಹೆಂಗಸರಿಗೂ ಅದೇ ಹೆಸರು. ಸರ್ಕಾರದ ಕಾಗದದಲ್ಲಿ ಮಾತ್ರ ಅವರು ‘ಕಾರ್ಯಕರ್ತೆ’. ಕೈಗೆ ಬರುವ ದುಡ್ಡಿಗೂ ಸಂಬಳ ಎನ್ನುವುದಿಲ್ಲ, ‘ಗೌರವಧನ’ ಎನ್ನುತ್ತಾರೆ. ಅದರಲ್ಲಿ ಕೇಂದ್ರ 2018ರಲ್ಲಿ ನಿಗದಿ ಮಾಡಿದ ಮೊತ್ತ 4,500 ರೂಪಾಯಿ, ಅದನ್ನೂ ಕೇಂದ್ರ, ರಾಜ್ಯ ಹಂಚಿಕೊಳ್ಳುತ್ತವೆ. ಅದರ ಮೇಲಿನದನ್ನು ರಾಜ್ಯ ಸೇರಿಸುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಜೊತೆ ಹೋಲಿಸಿ ನೋಡುವಾಗ ನನ್ನನ್ನು ಹೆಚ್ಚು ಕಾಡುವುದು ಮೊತ್ತಕ್ಕಿಂತ ಆ ಹೆಸರು.

ಒಂಟಾರಿಯೊದಲ್ಲಿ 2007ರ ಕಾಯ್ದೆಯೊಂದು ಹೆಸರಿಗೇ ಬೇಲಿ ಹಾಕಿದೆ. ಸಾಮಾನ್ಯವಾಗಿ ಎರಡು ವರ್ಷದ ಡಿಪ್ಲೊಮಾ ಮುಗಿಸಿ, ವೃತ್ತಿ ಮಂಡಳಿಯಲ್ಲಿ ನೋಂದಾಯಿಸಿಕೊಂಡು, ವರ್ಷವರ್ಷ ಶುಲ್ಕ ಕಟ್ಟಿದವರಷ್ಟೇ ‘ಅರ್ಲಿ ಚೈಲ್ಡ್‌ಹುಡ್ ಎಜುಕೇಟರ್’ (ಪುಟ್ಟ ಮಕ್ಕಳ ಶಿಕ್ಷಕರು) ಎಂದು ಹೇಳಿಕೊಳ್ಳಬಹುದು. ಮಂಡಳಿಯ ಪಟ್ಟಿಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದು. ಎರಡೂವರೆ ವರ್ಷ ದಾಟಿದ ಮಕ್ಕಳ ಕೋಣೆಯಲ್ಲಿ ಎಂಟು ಮಕ್ಕಳಿಗೊಬ್ಬರು ಇರಬೇಕು, ಗುಂಪು 24 ಮೀರಬಾರದು, ಆ ಮೂವರಲ್ಲಿ ಇಬ್ಬರು ಇದನ್ನೇ ಓದಿದವರಾಗಿರಬೇಕು. ಓದು ಅಲ್ಲಿಗೆ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪ್ರತಿಯೊಬ್ಬರೂ ತಮ್ಮ ಕೊರತೆಗಳನ್ನು ತಾವೇ ಪಟ್ಟಿ ಮಾಡಿ, ಏನು ಕಲಿಯಬೇಕೆಂದು ಬರೆದು, ಕಲಿತದ್ದನ್ನು ದಾಖಲಿಸಬೇಕು.

ಆದರೂ ಅಲ್ಲಿ ಸಂಬಳದ ಗೋಳು ತೀರಿಲ್ಲ. ಸರ್ಕಾರಿ ಕಿಂಡರ್‌ಗಾರ್ಟನ್‌ನಲ್ಲಿ ಒಂದೇ ಕೋಣೆಯಲ್ಲಿ, ಅದೇ ಮಕ್ಕಳ ಜೊತೆ ಶಿಕ್ಷಕರೂ ಎಜುಕೇಟರೂ ಇರುತ್ತಾರೆ. ವೇತನ ಶ್ರೇಣಿ ಮಾತ್ರ ಬೇರೆ ಬೇರೆ. ಹಾಗಾಗಿ ಅಲ್ಲಿಯದನ್ನು ಹಾಗೇ ಎತ್ತಿ ತಂದು ಇಲ್ಲಿ ಇಡಿ ಎಂದು ನಾನು ಹೇಳಲಾರೆ.

ಅಲ್ಲಿ ಇಲ್ಲದ್ದೊಂದು ನಮ್ಮಲ್ಲಿದೆ. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆಯಲ್ಲಿ ಮಗು ಹೊಟ್ಟೆಯಲ್ಲಿದ್ದಾಗಿನಿಂದ ಆರು ವರ್ಷದವರೆಗೂ ಅದನ್ನು ಬಲ್ಲವರು ಒಬ್ಬರೇ, ಅಕ್ಕೋರು. ಆ ಬಲ್ಲತನ ಬರಿಯ ಮಮತೆಯಿಂದ ಬಂದದ್ದಲ್ಲ. ತೂಕ ಹಿಡಿಯುವುದನ್ನೇ ನೋಡಿ. ತಕ್ಕಡಿಯ ಮುಳ್ಳು ಸೊನ್ನೆಗೆ ಬಂದಿದೆಯೇ ಎಂದು ಪ್ರತಿ ಸಲ ನೋಡಬೇಕು. ಎರಡು–ಮೂರು ವರ್ಷದ ಮಗುವಿನ ತೂಕ ತಿಂಗಳಿಗೆ ಏರುವುದೇ ಸುಮಾರು 150ರಿಂದ 200 ಗ್ರಾಂ. ಆಷಾಢದ ಮಳೆಯಲ್ಲಿ ಸ್ವೆಟರ್ ಸಮೇತ ತೂಗಿದರೆ ಇಡೀ ತಿಂಗಳ ಕುಂದು ಅದರಡಿ ಮುಚ್ಚಿಹೋಗುತ್ತದೆ. ಎರಡು ವರ್ಷದೊಳಗಿನ ಮಗುವಿನ ಉದ್ದವನ್ನು ಮಲಗಿಸಿ ಅಳೆಯಬೇಕು, ಎರಡು ದಾಟಿದ ಮೇಲೆ ನಿಲ್ಲಿಸಿ. ಅದಲುಬದಲಾದರೆ ಲೆಕ್ಕದಲ್ಲಿ 0.7 ಸೆಂಟಿಮೀಟರ್ ವ್ಯತ್ಯಾಸ. ತೋಳಿನ ಸುತ್ತಳತೆಯ ಪಟ್ಟಿಯನ್ನು ಎಡತೋಳಿನಲ್ಲಿ, ಭುಜದ ತುದಿಗೂ ಮೊಣಕೈಗೂ ನಟ್ಟನಡುವೆ ಸುತ್ತಬೇಕು. ಬಿಗಿದು ಎಳೆದರೆ ಅಳತೆ ಕೆಡುತ್ತದೆ. ಆರು ತಿಂಗಳು ದಾಟಿದ ಮಗುವಿಗೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, ಆ ದಿನವೇ ಆಸ್ಪತ್ರೆಗೆ ಹೇಳಬೇಕು.

ಕಲಿಸುವುದರ ಕಷ್ಟ ಬೇರೆ. ಅಂಗನವಾಡಿಯಲ್ಲಿ ಕಲಿಸಲು ಕೊಟ್ಟಿರುವ ‘ಚಿಲಿಪಿಲಿ’ ಪುಸ್ತಕ ಕನ್ನಡದ್ದು. ಕಾರವಾರದಲ್ಲಿ ಕೊಂಕಣಿ ಮನೆಮಾತಿನ ಮಗು ನೀರಿಗೆ ‘ಉದಾಕ್’ ಎನ್ನುತ್ತದೆ. ಭಟ್ಕಳದಲ್ಲಿ ನವಾಯತಿ, ಹಳಿಯಾಳ–ಜೋಯಿಡಾ ಕಡೆ ಮರಾಠಿ ಕೇಳುತ್ತದೆ. ಮಗುವಿನ ಮಾತನ್ನು ತಿದ್ದದೆ, ಅದರ ಪಕ್ಕದಲ್ಲೇ ಕನ್ನಡದ ಮಾತನ್ನು ಇಡುತ್ತ ಹೋಗುವುದು ಸೂಕ್ಷ್ಮದ ಕೆಲಸ. ಇದಕ್ಕೆ ತರಬೇತಿ ಬೇಕು, ಬರಿಯ ‘ಸೇವಾ ಮನೋಭಾವ’ ಸಾಲದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿದವರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದಿದೆ. ಮೂರು ದಿನದ ಶಿಬಿರ ಅದಕ್ಕೆ ಸಾಟಿಯಾಗದು.

ಕಾನೂನು ತಡವಾಗಿಯಾದರೂ ಹತ್ತಿರ ಬಂದಿದೆ. 2006ರಲ್ಲಿ ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇವರದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ಕೋರ್ಟು, ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ನಡೆಯುವುದು ಶಿಕ್ಷಣವೇ, ಕಲಿಸುವವರು ಕಾರ್ಯಕರ್ತೆಯರೂ ಸಹಾಯಕಿಯರೂ ಎಂದು ಹೇಳಿ, 1972ರ ಗ್ರಾಚ್ಯುಟಿ ಕಾಯ್ದೆಯ ಹಕ್ಕನ್ನು ಕೊಟ್ಟಿತು. ಕಲಿಸುವವರು ಎಂದು ಕೋರ್ಟೇ ಒಪ್ಪಿದ ಮೇಲೆ ನೇಮಕಾತಿ ಆದೇಶದಲ್ಲಿ ‘ಶಾಲಾಪೂರ್ವ ಶಿಕ್ಷಕಿ’ ಎಂದು ಬರೆಯಲು ಅಡ್ಡಿಯೇನು? ನಮ್ಮದು ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿರುವ ಜಿಲ್ಲೆ. ಎರಡರ ಶಿಕ್ಷಕರ ಪಟ್ಟಿಯಲ್ಲೂ ಅಕ್ಕೋರಿಲ್ಲ, ಏಕೆಂದರೆ ಅವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರು.

ಹೆಸರಿನ ಜೊತೆ ಹೊತ್ತನ್ನೂ ಕೊಡಬೇಕು. 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್ ಬಂದಿದೆ. ಹಾಜರಿ, ಊಟ, ತೂಕ ಎಲ್ಲ ಮೊಬೈಲಿನಲ್ಲಿ. ಜೋಯಿಡಾದ ಕಾಡಿನಲ್ಲೋ ಸಿದ್ದಾಪುರದ ಘಟ್ಟದ ಅಂಚಿನಲ್ಲೋ ನೆಟ್‌ವರ್ಕ್ ಹುಡುಕಿ ಅಂಗಳಕ್ಕೆ ಹೋದರೆ ಒಳಗೆ ಹಾಡು ಅರ್ಧಕ್ಕೇ ನಿಲ್ಲುತ್ತದೆ. ಸಹಾಯಕಿ ಅಡುಗೆಯಲ್ಲಿ. ಮೇಲೆ ಮತದಾರರ ಪಟ್ಟಿ, ಸಮೀಕ್ಷೆ. ಪುಟ್ಟ ಮಕ್ಕಳ ಆರೈಕೆ, ಶಿಕ್ಷಣದ 2013ರ ರಾಷ್ಟ್ರೀಯ ನೀತಿ 20 ಮಕ್ಕಳಿಗೆ ಒಬ್ಬರು ಎಂದದ್ದು ಮಕ್ಕಳ ಜೊತೆ ಇರುವವರ ಲೆಕ್ಕ, ಅಂಗಳದಲ್ಲಿ ನಿಂತವರದ್ದಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮೊಬೈಲ್ ಬೇಡ, ಸಭೆ ಬೇಡ, ಬೇರೆ ಇಲಾಖೆಯ ಕೆಲಸ ಬೇಡ ಎಂದು ಜಿಲ್ಲಾ ಮಟ್ಟದಲ್ಲೇ ಸುತ್ತೋಲೆ ಹೊರಡಿಸಿದರೆ ಅದಕ್ಕೆ ಬಿಡಿಗಾಸೂ ಬೇಡ.

ಮೇಲ್ವಿಚಾರಕಿಯರು ಕರೆಯುವ ತಿಂಗಳ ಸಭೆಯಲ್ಲೂ ರಿಜಿಸ್ಟರ್ ತಾಳೆ ನೋಡುವುದನ್ನು ಅರ್ಧಕ್ಕೆ ಇಳಿಸಿ, ಉಳಿದ ಹೊತ್ತಿನಲ್ಲಿ ಪ್ರತಿ ಅಕ್ಕೋರೂ ಒಂದು ಮಗುವಿನ ಬಗ್ಗೆ ನಾಲ್ಕು ಸಾಲು ಓದಲಿ. ಉದಾಹರಣೆಗೆ, ನಾಲ್ಕು ವರ್ಷದ ಹುಡುಗಿ ಬೆಳಚಿನ ಚಿಪ್ಪುಗಳನ್ನು ದೊಡ್ಡದು, ಸಣ್ಣದು ಎಂದು ಎರಡು ಸಾಲು ಮಾಡಿದಳು. ನಡುವಿನ ಗಾತ್ರದ್ದೊಂದು ಸಿಕ್ಕಾಗ ತುಸು ಹೊತ್ತು ಕೈಯಲ್ಲೇ ಹಿಡಿದು, ಮೂರನೇ ಸಾಲು ಶುರು ಮಾಡಿದಳು. ನಾಳೆ ಅವಳ ಮುಂದೆ ಏನಿಡಬೇಕು ಎಂದು ಉಳಿದ ಅಕ್ಕೋರುಗಳು ಹೇಳಲಿ.