ದೀಪ ಬೇರೆ, ಪರಿಮಳ ಬೇರೆ: ಲೀಡ್ಸ್‌ನಿಂದ ಒಂದು ಮೇಣದ ತಕರಾರು

ನಮ್ಮ ಮನೆಗಳಲ್ಲಿ ದೀಪದ ಕೆಲಸ ಬೇರೆ, ಊದುಬತ್ತಿಯ ಕೆಲಸ ಬೇರೆ. ದೀಪ ಉರಿಯುತ್ತದೆ, ಪರಿಮಳ ಬೀರುವ ಜವಾಬ್ದಾರಿ ಅದಕ್ಕಿಲ್ಲ. ಊದುಬತ್ತಿ ಪರಿಮಳ ಬೀರುತ್ತದೆ, ಅದಕ್ಕೆ ಉರಿ ಬೇಡ. ಹೊತ್ತಿಕೊಂಡ ಕೂಡಲೇ ಕೈಬೀಸಿ ಜ್ವಾಲೆ ಆರಿಸಿ, ಬರೀ ಕೆಂಡ ಉಳಿಸುತ್ತೇವೆ. ಇಂಗ್ಲೆಂಡಿನವರು ಈ ಎರಡೂ ಕೆಲಸವನ್ನು ಒಂದೇ ಗಾಜಿನ ಲೋಟದೊಳಗೆ ತುಂಬಿದ್ದಾರೆ. ಅದೇ ಸೆಂಟೆಡ್ ಕ್ಯಾಂಡಲ್. ಮನೆಯಲ್ಲೇ ಕ್ಯಾಂಡಲ್ ಮಾಡಲು ಹೊರಟವರ ಮುಕ್ಕಾಲು ತಾಪತ್ರಯ ಅಲ್ಲಿಂದಲೇ ಶುರು ಅನ್ನುವುದು ನನ್ನ ಅನಿಸಿಕೆ. ಬಣ್ಣ, ಹೂವು, ಅಲಂಕಾರ ಅಂತ ಕೈ ತುರಿಸುತ್ತಿದ್ದರೆ ಕ್ಯಾಂಡಲ್ ಬಿಟ್ಟು ವ್ಯಾಕ್ಸ್ ಮೆಲ್ಟ್ ಮಾಡಿ ಅಂತ ಊರಲ್ಲಿರುವ ನನ್ನವರಿಗೆಲ್ಲ ಹೇಳುತ್ತಿರುತ್ತೇನೆ. ವ್ಯಾಕ್ಸ್ ಮೆಲ್ಟ್ ಅಂದರೆ ಬತ್ತಿಯೇ ಇಲ್ಲದ, ಪರಿಮಳ ಬೆರೆಸಿದ ಮೇಣದ ತುಂಡು. ಪುಟ್ಟ ಪಿಂಗಾಣಿ ಬಟ್ಟಲಲ್ಲಿಟ್ಟು ಕೆಳಗಿನಿಂದ ಬಿಸಿ ಕೊಟ್ಟರೆ ಕರಗಿ ಘಮಘಮಿಸುತ್ತದೆ, ಅಷ್ಟೇ.

ನಾನಿರುವುದು ಲೀಡ್ಸ್‌ನಲ್ಲಿ. ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕಿಟ್ಟ ಮೇಲೆ ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಆಗ ಮುಚ್ಚಿದ ಕಿಟಕಿ ಮಾರ್ಚ್‌ವರೆಗೆ ಪೂರ್ತಿ ತೆರೆಯುವುದು ಅಪರೂಪ. ಸೀಲಿಂಗ್ ಫ್ಯಾನ್ ಅಂತೂ ಯಾರ ಮನೆಯಲ್ಲೂ ಕಾಣೆ. ಇಂಥ ಮನೆಗೆ ಕ್ಯಾಂಡಲ್ ಹೇಳಿ ಮಾಡಿಸಿದ್ದು. ಜ್ವಾಲೆ ಅಲುಗದೆ ನಿಲ್ಲುತ್ತದೆ, ಮೇಣ ಸಮನಾಗಿ ಕರಗುತ್ತದೆ, ಪರಿಮಳ ಕೋಣೆ ಬಿಟ್ಟು ಹೋಗುವುದಿಲ್ಲ. ಅದೇ ಕ್ಯಾಂಡಲನ್ನು ದಾವಣಗೆರೆಯ ಮನೆಯೊಂದರ ಹಾಲಿನಲ್ಲಿ ಫ್ಯಾನಿನ ಕೆಳಗಿಟ್ಟು ನೋಡಿ. ಜ್ವಾಲೆ ಒಂದೇ ಕಡೆ ವಾಲುತ್ತದೆ, ಆ ಬದಿಯ ಮೇಣ ಮಾತ್ರ ಕರಗುತ್ತದೆ, ಗಾಜಿಗೆ ಮಸಿ ಹಿಡಿಯುತ್ತದೆ, ಪರಿಮಳ ಪಕ್ಕದ ಮನೆಯವರ ಪಾಲು. ಆಮೇಲೆ "ಈ ಬ್ರಾಂಡು ಸರಿಯಿಲ್ಲ" ಅಂತ ಮಾಡಿದವರನ್ನು ಬೈಯುತ್ತೇವೆ. ತಪ್ಪು ಅವರದ್ದಲ್ಲ, ನಮ್ಮ ಫ್ಯಾನಿನದು.

ನಮ್ಮ ಬೀದಿಯಲ್ಲಿ ರಿಟೈರಾದ ಟೀಚರಮ್ಮ ಒಬ್ಬರಿದ್ದಾರೆ. ಚರ್ಚ್ ಹಾಲಿನ ಸಂತೆಯಲ್ಲಿ ಕ್ಯಾಂಡಲ್, ಮೆಲ್ಟ್ ಮಾರುತ್ತಾರೆ. ಅವರ ಅಡುಗೆಮನೆಯಲ್ಲಿ ಕೂತು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ತಕ್ಕಡಿ ಮತ್ತು ಥರ್ಮಾಮೀಟರ್. ನಮ್ಮಮ್ಮನ ಕಣ್ಣಳತೆ ಇಲ್ಲಿ ನಡೆಯೋಲ್ಲ. ಅರ್ಧ ಕಿಲೋ ಸೋಯಾ ಮೇಣಕ್ಕೆ ನೂರಕ್ಕೆ ಎಂಟರ ಲೆಕ್ಕದಲ್ಲಿ 40 ಗ್ರಾಂ ಸುಗಂಧದ ಎಣ್ಣೆ. ಎಣ್ಣೆಯನ್ನೂ ತೂಗಿಯೇ ಹಾಕುತ್ತಾರೆ, ಮಿಲಿಲೀಟರ್‌ನಲ್ಲಿ ಅಳೆಯುವುದಿಲ್ಲ. ಯಾಕೆಂದರೆ ಒಂದೊಂದು ಎಣ್ಣೆಯ ಸಾಂದ್ರತೆ ಒಂದೊಂದು ಥರ. ಕುದಿಯುವ ನೀರಿನ ಮೇಲೆ ಪಾತ್ರೆ ಇಟ್ಟು ಮೇಣ ಕರಗಿಸಿ, ಸುಮಾರು 70 ಡಿಗ್ರಿಯಲ್ಲಿ ಎಣ್ಣೆ ಬೆರೆಸಿ, ಗುಳ್ಳೆ ಏಳದ ಹಾಗೆ ಎರಡು ನಿಮಿಷ ನಿಧಾನಕ್ಕೆ ಕಲಕುತ್ತಾರೆ. ಶಾಖ 60ರ ಆಸುಪಾಸಿಗೆ ಇಳಿದ ಮೇಲೆ ಲೋಟಕ್ಕೆ ಸುರಿಯುತ್ತಾರೆ. ಲೋಟ ತಣ್ಣಗಿದ್ದರೆ ಮೇಣ ಗಾಜನ್ನು ಬಿಟ್ಟುಕೊಂಡು ಒಳಗೆ ಒದ್ದೆ ಮಚ್ಚೆ ಬಿದ್ದ ಹಾಗೆ ಕಾಣುತ್ತದೆ. ಅದಕ್ಕೆ ಲೋಟವನ್ನೂ ಮೊದಲೇ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಅಷ್ಟು ಮಾಡಿಯೂ ಅವತ್ತೇ ಹಚ್ಚುವಂತಿಲ್ಲ. ಸೋಯಾ ಮೇಣದಲ್ಲಿ ಎಣ್ಣೆ ನೆಲೆಗೊಂಡು ಪರಿಮಳ ಚೆನ್ನಾಗಿ ಹೊಮ್ಮಬೇಕಾದರೆ ಎರಡು ವಾರ ಸುಮ್ನೆ ಇಡಬೇಕು.

ಇದೆಲ್ಲ ಸುಲಭದ ಭಾಗ. ಕಷ್ಟ ಇರುವುದು ಬತ್ತಿಯಲ್ಲಿ. ನಮ್ಮ ದೀಪದಲ್ಲಿ ಬೆಳಕು ಕಮ್ಮಿಯಾದರೆ ಬತ್ತಿ ಒಂಚೂರು ಮುಂದಕ್ಕೆ ಎಳೆಯುತ್ತೇವೆ, ಜಾಸ್ತಿಯಾದರೆ ಹಿಂದಕ್ಕೆ ಸರಿಸುತ್ತೇವೆ. ಉರಿಯುತ್ತಿರುವಾಗಲೇ ತಿದ್ದಿಕೊಳ್ಳಬಹುದು. ಕ್ಯಾಂಡಲ್‌ನಲ್ಲಿ ಆ ಸವಲತ್ತಿಲ್ಲ. ಮೇಣ ಸುರಿದ ದಿನವೇ ಅದರ ಹಣೆಬರಹ ತೀರ್ಮಾನವಾಗಿರುತ್ತದೆ. ಬತ್ತಿ ತೆಳುವಾದರೆ ನಡುವೆ ಬಾವಿ ತೋಡಿಕೊಂಡು ಇಳಿಯುತ್ತದೆ, ಸುತ್ತಲಿನ ಮೇಣ ಹಾಗೇ ನಿಂತಿರುತ್ತದೆ. ದಪ್ಪವಾದರೆ ಹೊಗೆ, ಮಸಿ, ಕೈ ಸುಡುವಷ್ಟು ಕಾದ ಗಾಜು. 1825ರಲ್ಲಿ ಫ್ರಾನ್ಸಿನ ಕಾಂಬಸೆರೆಸ್ ಎಂಬಾತ ಜಡೆ ಹೆಣೆದ ಬತ್ತಿ ಕಂಡುಹಿಡಿದ. ಅದು ಉರಿಯುತ್ತಾ ಪಕ್ಕಕ್ಕೆ ಬಾಗಿ, ಜ್ವಾಲೆಯ ಹೊರಗಿನ ಬಿಸಿಗೆ ತುದಿ ಚಾಚಿ ತಾನೇ ಸುಟ್ಟುಹೋಗುತ್ತದೆ. ಅದಕ್ಕೂ ಮುಂಚೆ ಕುಡಿ ಕತ್ತರಿಸಲು ಕತ್ತರಿ ಹಿಡಿದು ಪಕ್ಕದಲ್ಲೇ ಕೂರಬೇಕಿತ್ತು. ಆದರೆ ಸುಗಂಧದ ಎಣ್ಣೆ ಸೇರಿದ ಮೇಲೆ ಆ ಜಾಣ ಬತ್ತಿಗೂ ಉಸಿರು ಕಟ್ಟುತ್ತದೆ. ಗಂಧ, ವೆನಿಲ್ಲಾದಂಥ ಭಾರದ ಎಣ್ಣೆಗಳು ಒಂದು ಬತ್ತಿಗೆ ಒಗ್ಗಿದರೆ ಇನ್ನೊಂದಕ್ಕೆ ಒಗ್ಗುವುದಿಲ್ಲ. ಹಾಗಾಗಿ ಟೀಚರಮ್ಮ ಹೊಸ ಎಣ್ಣೆ ತಂದಾಗಲೆಲ್ಲ ಪರೀಕ್ಷೆ ಮೊದಲಿನಿಂದ ಶುರು. ನಾಲ್ಕು ಗಂಟೆ ಉರಿಸಿ, ಆರಿಸಿ, ತಣಿಸಿ, ಬತ್ತಿಯನ್ನು 5 ಮಿಲಿಮೀಟರ್‌ಗೆ ಕತ್ತರಿಸಿ, ಮತ್ತೆ ಉರಿಸಿ, ಲೋಟ ಖಾಲಿಯಾಗುವವರೆಗೆ. ಈ ತಾಳ್ಮೆಗೆ ನಾನು ನಿಜಕ್ಕೂ ಮಣಿದಿದ್ದೇನೆ.

ಅವರ ಕಪಾಟಿನಲ್ಲಿ ಬಿರುಕು ಬಿಟ್ಟ ಲೋಟವೊಂದಿದೆ. ಕಲಿಯಲು ಬಂದವರಿಗೆಲ್ಲ ಮೊದಲು ಅದನ್ನು ತೋರಿಸುತ್ತಾರೆ. ಯಾರೋ ಉಡುಗೊರೆ ಕೊಟ್ಟ ಕ್ಯಾಂಡಲ್ ಅದು. ಮೇಲೆ ಒಣಗಿದ ಗುಲಾಬಿ ಎಸಳು, ಲ್ಯಾವೆಂಡರ್ ಕಡ್ಡಿ. ಮೇಣ ಕರಗಿದ ಕೂಡಲೇ ಎಸಳು ತೇಲುತ್ತಾ ಹೋಗಿ ಬತ್ತಿಗೆ ತಾಗಿದೆ, ಹೊತ್ತಿಕೊಂಡಿದೆ. ಎಣ್ಣೆ ಹೀರಿದ ಒಣ ಎಸಳು ಇನ್ನೊಂದು ಬತ್ತಿಯೇ ತಾನೇ. ಗಾಜಿನ ಬಾಯಿಯಿಂದ ತಳದವರೆಗೆ ಓಡಿದ ಬಿರುಕು, ಅದರ ಪಕ್ಕದಲ್ಲಿ ಕಂದು ಬಣ್ಣದ ಸುಟ್ಟ ಕಲೆ, ಮೇಣದಲ್ಲಿ ಸಿಕ್ಕಿಕೊಂಡ ಕರಕಲು ಚೂರುಗಳು.

ನಮ್ಮಲ್ಲಿ ಈಗ ನಡೆಯುತ್ತಿರುವುದು ಹೆಚ್ಚಾಗಿ ಇದೇ ಅಲಂಕಾರ. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ದೀಪಾವಳಿಗೆ ಕ್ಯಾಂಡಲ್ ಮಾಡಿ ಮಾರುತ್ತಾಳೆ. ಕೈಚಳಕವಿದೆ, ಸುಳ್ಳಲ್ಲ. ಆದರೆ ಎಲ್ಲದರ ಮೇಲೂ ಹೂವು, ಚಕ್ಕೆ, ಕಿತ್ತಳೆ ಬಿಲ್ಲೆ, ಮಿಣಮಿಣ ಪುಡಿ. ಕೇಳಿದೆ.

"ಹೂವು ಹಾಕದೇ ಇದ್ರೆ ಆಗೋಲ್ವೇನೇ?"

"ಹೂವಿಲ್ದೇ ಇದ್ರೆ ಯಾರಣ್ಣಾ ತಗೋತಾರೆ? ಫೋಟೋದಲ್ಲಿ ಏನ್ ಕಾಣ್ಸತ್ತೆ?"

"ಹಚ್ಚಿದಾಗ?"

"ಯಾರೂ ಹಚ್ಚಲ್ಲ ಬಿಡಣ್ಣ. ಶೋಕೇಸಲ್ಲಿ ಇಡ್ತಾರೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಚ್ಚದ ಮೇಣದಬತ್ತಿಯಿಂದ ಯಾರಿಗೂ ಅಪಾಯವಿಲ್ಲ, ಒಪ್ಪಿದೆ!

ಲಡ್ಡು, ಜಿಲೇಬಿ ಆಕಾರದ ಕ್ಯಾಂಡಲ್‌ಗಳ ಬಗ್ಗೆ ಮಾತ್ರ ನಾನು ಗಟ್ಟಿಯಾಗಿಯೇ ಜಗಳ ಆಡುತ್ತೇನೆ. ಹಬ್ಬದ ದಿನ, ತಟ್ಟೆಯಲ್ಲಿ ನಿಜವಾದ ಲಡ್ಡು ಪಕ್ಕದಲ್ಲೇ ಇರುವಾಗ, ತುಪ್ಪದ ವಾಸನೆ ಬೆರೆಸಿದ ಮೇಣದ ಲಡ್ಡು! ಎರಡು ವರ್ಷದ ಮಗುವಿಗೆ ಹೇಗೆ ಗೊತ್ತಾಗಬೇಕು? ಬ್ರಿಟನ್ನಿನಲ್ಲಿ ಇದಕ್ಕೆ 1989ರಿಂದಲೇ ಕಾನೂನಿದೆ. ತಿನ್ನುವ ಪದಾರ್ಥವಲ್ಲದ್ದನ್ನು ತಿಂಡಿಯ ಹಾಗೆ ಮಾಡಿ, ಮಕ್ಕಳು ಬಾಯಿಗಿಟ್ಟು ಅಪಾಯವಾಗುವ ಹಾಗಿದ್ದರೆ ಮಾರುವಂತಿಲ್ಲ. ಅಡುಗೆಮನೆಯಲ್ಲಿ ಹತ್ತಿಪ್ಪತ್ತು ಮಾಡಿ ಸಂತೆಗೆ ಒಯ್ಯುವವರಿಗೂ ಇದು ಅನ್ವಯ. ಅಲರ್ಜಿ ತರಬಹುದಾದ ಸುಗಂಧದ ರಾಸಾಯನಿಕಗಳಿದ್ದರೆ ಅದನ್ನೂ ಲೇಬಲ್ಲಿನ ಮೇಲೆ ಹಾಕಬೇಕು. ಎಣ್ಣೆ ಮಾರುವವರೇ ಅದರ ವಿವರದ ಹಾಳೆ ಕೊಡುತ್ತಾರೆ. ಇಲ್ಲಿನವರ ಕಾನೂನಿನ ಗೀಳು ನನಗೆ ಎಷ್ಟೋ ಸಲ ಅತಿ ಅನ್ನಿಸಿದೆ. ಈ ವಿಷಯದಲ್ಲಿ ಅವರೇ ಸರಿ.

ಹಾಗಾದರೆ ಅಲಂಕಾರ ಎಲ್ಲಿ ಮಾಡೋಣ? ಮೆಲ್ಟ್ ಮೇಲೆ. ಬತ್ತಿಯೇ ಇಲ್ಲದ ಮೇಲೆ ಕಟ್ಟಿಕೊಳ್ಳುವ ಮಾತೆಲ್ಲಿ ಬಂತು? ಕ್ಯಾಂಡಲ್‌ಗೆ ಹಾಕಿದರೆ ಬತ್ತಿಯ ಉಸಿರು ಕಟ್ಟಿಸುವ ಮೈಕಾ ಪುಡಿಯನ್ನು, ಅಂದರೆ ಮಿಣಮಿಣ ಹೊಳೆಯುವ ಅಭ್ರಕದ ಪುಡಿಯನ್ನು, ಇಲ್ಲಿ ಧಾರಾಳವಾಗಿ ಬಳಸಬಹುದು. ನನಗೆ ಇಷ್ಟವಾದ ವಿಧಾನ ಇದು: ಸಿಲಿಕಾನ್ ಅಚ್ಚಿನ ಒಳಮೈಗೆ ಒಣ ಬ್ರಷ್ಷಿನಿಂದ ಚಿನ್ನದ ಬಣ್ಣದ ಮೈಕಾ ಸವರಿ, ಆಮೇಲೆ ಮೇಣ ಸುರಿಯುವುದು. ಗಟ್ಟಿಯಾದ ಮೇಲೆ ಅಚ್ಚನ್ನು ಹಿಂದಿನಿಂದ ಒತ್ತಿದರೆ ತುಂಡು ಟಪ್ ಅಂತ ಕೈಗೆ ಬೀಳುತ್ತದೆ, ಪುಡಿಯೆಲ್ಲ ಅಚ್ಚು ಬಿಟ್ಟು ಮೇಣಕ್ಕೆ ಅಂಟಿಕೊಂಡಿರುತ್ತದೆ. ಕಮಲದ ಅಚ್ಚಾದರೆ ಎಸಳಿನ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಎರಡು ಬಣ್ಣ ಬೇಕಾದರೆ ಮೊದಲ ಪದರದ ಮೇಲೆ ಕೆನೆ ಕಟ್ಟುವವರೆಗೆ ಕಾದು ಎರಡನೆಯದು ಸುರಿಯಿರಿ. ಪೂರ್ತಿ ತಣಿದ ಮೇಲೆ ಸುರಿದರೆ ಎರಡೂ ಬೇರೆ ಬೇರೆಯಾಗಿ ಕಳಚಿಕೊಳ್ಳುತ್ತವೆ.

ಮೆಲ್ಟ್‌ಗೆ ಲೋಟದ ಮೇಣ ಆಗದು, ಮೆತ್ತಗಾಗುತ್ತದೆ. ಲೋಟವಿಲ್ಲದೆ ಕಂಬದ ಹಾಗೆ ನಿಲ್ಲುವ ಪಿಲ್ಲರ್ ಕ್ಯಾಂಡಲ್‌ಗೆ ಅಂತ ಮಾರುವ ಗಟ್ಟಿ ಸೋಯಾ ಮೇಣ ತರಬೇಕು. ನಮ್ಮ ಬಿಸಿಲಿಗೆ ಅದೂ ಸಾಲದು. ಲೋಟಕ್ಕೆ ಬಳಸುವ ಸೋಯಾ ಮೇಣ 50 ಡಿಗ್ರಿಯ ಸುತ್ತಮುತ್ತ ಕರಗುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ ಕೊರಿಯರ್ ವ್ಯಾನಿನೊಳಗೆ ಅದರ ಗತಿ ಏನಾಗಬಹುದು ಅಂತ ನೀವೇ ಊಹಿಸಿ. ಜೇನುಮೇಣ ಕರಗಲು 62 ಡಿಗ್ರಿಯಾದರೂ ಬೇಕು. ಸ್ವಲ್ಪ ಬೆರೆಸಿದರೆ ತುಂಡು ಗಟ್ಟಿಯಾಗುತ್ತದೆ. ಅದಕ್ಕೆ ತನ್ನದೇ ಪರಿಮಳ ಇರುವುದರಿಂದ ಹದ ಮೀರಬಾರದು.

ಇನ್ನು ಪರಿಮಳದ ವಿಷಯ. ಇಲ್ಲಿ ಜನಪ್ರಿಯ ಪರಿಮಳಗಳಲ್ಲಿ ಒಂದು, ಒಗೆದು ಒಣಗಿಸಿದ ಬಟ್ಟೆಯದು. ದುಡ್ಡು ಕೊಟ್ಟು ಕೊಳ್ಳುತ್ತಾರೆ! ಮಳೆಯೂರಿನಲ್ಲಿ ಬಟ್ಟೆಯನ್ನು ಮನೆಯೊಳಗೇ ಒಣಗಿಸುವವರ ಕಷ್ಟ ನೋಡಿದ ಮೇಲೆ ನಗು ನಿಂತಿತು. ಕ್ರಿಸ್‌ಮಸ್‌ಗೆ ಚಕ್ಕೆ, ಲವಂಗ, ಕಿತ್ತಳೆ. ಅವರಿಗೆ ಹಬ್ಬದ ನೆನಪು, ನನಗೆ ಪಲಾವ್ ಒಗ್ಗರಣೆ, ಹೊಟ್ಟೆ ಹಸಿಯುತ್ತದೆ.

ಮಲ್ಲಿಗೆ ಮೆಲ್ಟ್ ಮಾಡ್ತೀನಿ ಅಂತ ಮೇಣಕ್ಕೆ ಹಸಿ ಮಲ್ಲಿಗೆ ಹಾಕಲು ಹೋಗಬೇಡಿ. ಹೂವಿನಲ್ಲಿರುವುದು ಬಹುಪಾಲು ನೀರು, ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ. ನಾಲ್ಕು ದಿನಕ್ಕೆ ಹೂವು ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಒಣಗಿಸಿ ಹಾಕಿದರೆ ಮಲ್ಲಿಗೆಯ ಘಮ ಹೋಗಿ ಹುಲ್ಲಿನ ವಾಸನೆ ಉಳಿಯುತ್ತದೆ. ಪರಿಮಳಕ್ಕೆ ಎಣ್ಣೆಯೇ ಗತಿ. ಶ್ರೀಗಂಧ ಅಂತ ಹೆಸರಿಟ್ಟು ಇಲ್ಲಿ ಅಗ್ಗಕ್ಕೆ ಮಾರುವ ಎಣ್ಣೆ ಲ್ಯಾಬಿನಲ್ಲಿ ಹುಟ್ಟಿದ್ದು. ನಿಜವಾದ ಗಂಧದೆಣ್ಣೆ ಆ ಬೆಲೆಗೆ ಸಿಗಲು ಸಾಧ್ಯವೇ ಇಲ್ಲ. ಮೊದಲ ಮಹಾಯುದ್ಧದ ಕಾರಣಕ್ಕೆ ಹೊರದೇಶಕ್ಕೆ ಹೋಗಬೇಕಾದ ಗಂಧದ ಮರ ಉಳಿದುಕೊಂಡಾಗ ಮೈಸೂರು ಸಂಸ್ಥಾನ 1916ರ ಹೊತ್ತಿಗೆ ತಾನೇ ಎಣ್ಣೆ ತೆಗೆಯಲು ಶುರುಮಾಡಿತು. ಆ ಎಣ್ಣೆಯ ಸಾಬೂನಿನಿಂದ ಸ್ನಾನ ಮಾಡಿ ಬೆಳೆದವರ ಮೂಗಿಗೆ ಲ್ಯಾಬಿನ ಗಂಧ ಒಂದೇ ಸಲಕ್ಕೆ ಗೊತ್ತಾಗಿಬಿಡುತ್ತದೆ. ಮೈಸೂರು ಅಗರಬತ್ತಿಗೆ ಭೌಗೋಳಿಕ ಗುರುತಿನ ಪಟ್ಟ ಕೂಡ ಇದೆ. ಪರಿಮಳ ಬೆರೆಸುವ ವಿದ್ಯೆ ನಮಗೆ ಹೊಸದೇನಲ್ಲ. ಆದರೂ ಬೆಂಗಳೂರಿನ ಕ್ಯಾಂಡಲ್ ಪಟ್ಟಿ ತೆರೆದರೆ ಇಂಗ್ಲಿಷ್ ಲ್ಯಾವೆಂಡರ್, ವೆನಿಲ್ಲಾ, ಮತ್ತೆ ಅದೇ ಒಗೆದ ಬಟ್ಟೆ. ಅಲ್ಲಿ ಬಿಸಿಲಿಗೇನು ಬರವೇ? ಸಂಪಿಗೆ ಎಲ್ಲಿ? ಪಚ್ಚೆಕರ್ಪೂರ ಎಲ್ಲಿ? ಲಾವಂಚ ಎಲ್ಲಿ?

ಇನ್ನೊಂದು ವಿಷಯ ತಿಳಿದಾಗ ನನಗೇ ಆಶ್ಚರ್ಯವಾಯಿತು. ಕರಾವಳಿ, ಮಲೆನಾಡಿನವರಿಗೆ ಧೂಪದ ಮರ ಗೊತ್ತಲ್ವಾ? ಸಾಲುಧೂಪ ಅಂತ ರಸ್ತೆ ಬದಿಗೆ ನೆಡುತ್ತಿದ್ದರು. ಅದರ ಅಂಟನ್ನು ಕೆಂಡದ ಮೇಲೆ ಹಾಕಿ ಧೂಪ ಹಾಕುತ್ತಾರೆ. ಅದೇ ಮರದ ಬೀಜದ ಕೊಬ್ಬಿನಿಂದ ಹಿಂದೆ ಮೇಣದಬತ್ತಿ ಮಾಡುತ್ತಿದ್ದರು. ಇಂಗ್ಲಿಷರು ಅದಕ್ಕೆ ಮಲಬಾರ್ ಟ್ಯಾಲೋ ಅಂತ ಹೆಸರಿಟ್ಟಿದ್ದರು. ಅಂದರೆ ಬೆಳಕೂ ಪರಿಮಳವೂ ಒಂದೇ ಮರದಲ್ಲಿದ್ದವು. ಆದರೂ ಅಂಟು ಕೆಂಡಕ್ಕೆ ಹೋಯಿತು, ಕೊಬ್ಬು ಬತ್ತಿಗೆ ಹೋಯಿತು. ಧೂಪದ ಬೀಜದ ಕೊಬ್ಬು ಸೇರಿಸಿ ಯಾರಾದರೂ ಮಂಗಳೂರು ಕಡೆಯಲ್ಲಿ ಮೆಲ್ಟ್ ಮಾಡಿ ನೋಡಲಿ ಅಂತ ನನಗೆ ತುಂಬಾ ಆಸೆ. ಅಮೆರಿಕದ ಸೋಯಾ ಮೇಣವನ್ನು ಹಡಗಿನಲ್ಲಿ ತರಿಸಿ "ನೈಸರ್ಗಿಕ" ಅಂತ ಚೀಟಿ ಅಂಟಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಊದುಬತ್ತಿಯೇ ಇರುವಾಗ ಇದೆಲ್ಲ ಯಾಕೆ ಅಂತ ಭಾವ ಕೇಳುತ್ತಾರೆ. ಮೈಸೂರಿನಲ್ಲಿರುವವರಿಗೆ ಆ ಪ್ರಶ್ನೆ ಸರಿ. ಇಲ್ಲಿ ಊದುಬತ್ತಿ ಹಚ್ಚಿದರೆ ಹೊಗೆಯ ಅಲಾರಾಂ ಕಿರುಚುವುದುಂಟು. ಬಾಡಿಗೆ ಮನೆಯ ಕರಾರಿನಲ್ಲಿ ಊದುಬತ್ತಿ, ಕ್ಯಾಂಡಲ್ ಎರಡೂ ಬೇಡ ಅಂತ ಬರೆದವರೂ ಇದ್ದಾರೆ. ಮೆಲ್ಟ್ ಕರಗಿಸುವ ಕರೆಂಟಿನ ವಾರ್ಮರ್‌ಗೆ ಹೊಗೆಯೂ ಇಲ್ಲ, ಉರಿಯೂ ಇಲ್ಲ. ನಮ್ಮ ಮನೆಯಲ್ಲಿ ದೇವರ ಮುಂದೆ ಎಣ್ಣೆ ದೀಪ, ಪಕ್ಕದ ಗೂಡಿನಲ್ಲಿ ವಾರ್ಮರ್. ರಾಜ್ಯೋತ್ಸವಕ್ಕೆ ಬಾಡಿಗೆಗೆ ಹಿಡಿಯುವ ಹಾಲ್‌ಗಳಲ್ಲಿ ಎಷ್ಟೋ ಕಡೆ ಉರಿ ಹಚ್ಚಲು ಬಿಡುವುದಿಲ್ಲ, ಅಲ್ಲಿಗೂ ಇದೇ. ಅರಿಸಿನ ಕುಂಕುಮಕ್ಕೆ ಬಂದವರಿಗೆ ಪ್ಲಾಸ್ಟಿಕ್ ಡಬ್ಬಿ ಕೊಡುವ ಬದಲು ನಾಲ್ಕು ಮೆಲ್ಟ್ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡಬಹುದು. ಪೊಟ್ಟಣದ ಮೇಲೆ "ತಿನ್ನುವುದಲ್ಲ" ಅಂತ ದಪ್ಪಕ್ಷರದಲ್ಲಿ ಬರೆಯಿರಿ.

ಪರಿಮಳ ಆರಿಹೋದರೂ ಮೇಣ ಬಟ್ಟಲಲ್ಲೇ ಉಳಿಯುತ್ತದೆ, ಆವಿಯಾಗುವುದು ಎಣ್ಣೆ ಮಾತ್ರ. ಅದನ್ನು ಸಿಂಕಿಗೆ ಸುರಿದರೆ ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಪ್ಲಂಬರ್ ಕರೆಸಬೇಕಾಗುತ್ತದೆ. ಬೆಚ್ಚಗಿರುವಾಗಲೇ ನಾಲ್ಕೈದು ಹತ್ತಿ ಉಂಡೆ ಹಾಕಿ, ಹೀರಿಕೊಂಡ ಮೇಲೆ ಕಸದ ಬುಟ್ಟಿಗೆ ಎಸೆಯಿರಿ. ಬಟ್ಟಲು ಬಿಡಿಸಿ ತೆಗೆಯುವಂಥದ್ದಾದರೆ ಫ್ರೀಜರ್‌ನಲ್ಲಿ ಸ್ವಲ್ಪ ಹೊತ್ತು ಇಡಿ, ಬಿಲ್ಲೆ ತಾನಾಗಿ ಕಳಚಿ ಬರುತ್ತದೆ.